‘ಬಸ್ಸು’ವಿನ ಉಕಾರ: ಡೊಂಬಿವಲಿಯಿಂದ ಥಾಯ್ಲೆಂಡಿಗೆ ಹೋದ ಇಂಗ್ಲಿಷ್ ಟೀಚರ್ ಒಬ್ಬರ ಪ್ರಕರಣ

ಈ ಪ್ರಕರಣದ ಟೀಚರ್ ಹೆಸರು ಸುಜಾತಾ ಅಲ್ಲ. ಅವರು ದುಡಿದ ಮುಂಬಯಿಯ ಶಾಲೆ, ಈಗ ದುಡಿಯುತ್ತಿರುವ ಥಾಯ್ಲೆಂಡಿನ ಪಟ್ಟಣ, ನಡುವೆ ಬಂದುಹೋದ ಏಜೆಂಟ್, ಯಾವುದರ ಹೆಸರನ್ನೂ ಇಲ್ಲಿ ಬರೆದಿಲ್ಲ. ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರು ಓದಿ, ಎರಡು ಕಡೆ ತಿದ್ದಿ, “ಹಾಕಿ ಟೀಚರ್” ಅಂದ ಮೇಲೆಯೇ ಇದು ಹೊರಗೆ ಬರುತ್ತಿದೆ. ನಾನು ಮುಂಬಯಿಯ ಕನ್ನಡ ಶಾಲೆಗಳಲ್ಲಿ, ಅದರಲ್ಲೂ ಹೆಚ್ಚು ವರ್ಷ ರಾತ್ರಿ ಶಾಲೆಯಲ್ಲಿ, ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಹೊರದೇಶಕ್ಕೆ ಇಂಗ್ಲಿಷ್ ಕಲಿಸಲು ಹೋಗುವುದು ಹೇಗೆ ಎಂದು ಕೇಳಿಕೊಂಡು ಇತ್ತೀಚೆಗೆ ನಮ್ಮ ಟೀಚರುಗಳು ಆರೇಳು ಮಂದಿ ಮನೆಗೆ ಬಂದಿದ್ದರು. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳುತ್ತ ಬಂದದ್ದನ್ನು ಒಮ್ಮೆ ಸರಿಯಾಗಿ ಬರೆದಿಡಬೇಕು ಅನ್ನಿಸಿತು. ಇದರಲ್ಲಿ ನಾನೇ ಕೊಟ್ಟ ಒಂದು ತಪ್ಪು ಸಲಹೆಯೂ ಇದೆ. ಅದನ್ನು ಬಿಟ್ಟರೆ ಪ್ರಕರಣ ಅರ್ಥವಾಗುವುದಿಲ್ಲ.

ಹಿನ್ನೆಲೆ

ಸುಜಾತಾಗೆ ಆಗ 41 ವರ್ಷ. ಊರು ಕಾರ್ಕಳದ ಕಡೆ, ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಮತ್ತು ಹಿಂದಿ. ಇಂಗ್ಲಿಷ್ ಅವರಿಗೆ ಐದನೆಯ ಭಾಷೆ. ಬಿ.ಎ., ಬಿ.ಎಡ್. ಮುಗಿಸಿ ಮೊದಲ ಎರಡು ವರ್ಷ ನಮ್ಮ ರಾತ್ರಿ ಶಾಲೆಯಲ್ಲಿದ್ದರು. ಹಗಲು ಫೋರ್ಟ್ ಕಡೆಯ ಹೋಟೆಲುಗಳಲ್ಲಿ ಲೋಟ ತೊಳೆದು, ಸಂಜೆ ಏಳಕ್ಕೆ ಕಣ್ಣು ಎಳೆಯುತ್ತಿರುವಾಗಲೇ ಬೆಂಚಿಗೆ ಬಂದು ಕೂರುವ ಹುಡುಗರಿಗೆ ಪಾಠ ಮಾಡುವ ಕೆಲಸ ಅದು. ಆಮೇಲೆ ಒಂದು ಹಗಲು ಶಾಲೆ ಸೇರಿ ಹನ್ನೆರಡು ವರ್ಷ ಅಲ್ಲೇ ಇದ್ದರು. ಅದು ಕನ್ನಡ ಮಾಧ್ಯಮದ ಶಾಲೆ. ಕಟ್ಟಡ ಕೆಲಸಕ್ಕೆ ಬಂದ ವಿಜಯಪುರ, ಕಲಬುರಗಿ ಕಡೆಯವರ ಮಕ್ಕಳೇ ಕೊನೆಕೊನೆಗೆ ಹೆಚ್ಚು. ವರ್ಷ ವರ್ಷ ಮಕ್ಕಳು ಕಡಿಮೆಯಾಗಿ 2024ರ ಜೂನ್‌ನಲ್ಲಿ ಅವರ ಹುದ್ದೆ ಇಲ್ಲವಾಯಿತು. ಅನುದಾನವಿಲ್ಲದ ವಿಭಾಗವಾದ್ದರಿಂದ ಬೇರೆ ಶಾಲೆಗೆ ವರ್ಗವೂ ಇಲ್ಲ. ಕೈಗೆ ಬರುತ್ತಿದ್ದ 18,000 ರೂಪಾಯಿ ನಿಂತುಹೋಯಿತು.

ಮನೆ ಡೊಂಬಿವಲಿ ಪೂರ್ವದಲ್ಲಿ, ಒಂದು ಬೆಡ್‌ರೂಮಿನದು. ಗಂಡ ಠಾಣೆಯ ಒಂದು ಹೋಟೆಲಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುವವರು. ಅತ್ತೆ ಇದ್ದಾರೆ. ಮಗ ಆಗಷ್ಟೇ ಹತ್ತನೆಯದು ಮುಗಿಸಿ ಹನ್ನೊಂದಕ್ಕೆ ಸೇರಿದ್ದ. ಟ್ಯೂಷನ್ ಹೇಳಿ ಸ್ವಲ್ಪ ದಿನ ನೂಕಿದರು. ಆಗಲೇ ಪರಿಚಯದವರೊಬ್ಬರ ಮೂಲಕ ಥಾಯ್ಲೆಂಡಿನ ಸುದ್ದಿ ಬಂತು.

ಮೊದಲ ಸಲ

ಏಜೆಂಟ್ ಹೇಳಿದ್ದು ಕೇಳಲು ಚೆನ್ನಾಗಿತ್ತು. 2024ರ ಜುಲೈಯಿಂದ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಥಾಯ್ಲೆಂಡಿನಲ್ಲಿ ಇರಲು ಅವಕಾಶ ಸಿಕ್ಕಿತ್ತು. ಅದನ್ನೇ ಹಿಡಿದುಕೊಂಡು, “ವೀಸಾನೇ ಬೇಡ ಮೇಡಂ, ಹೋಗಿ ಕೆಲಸ ಶುರು ಮಾಡಿ, ಉಳಿದದ್ದು ಸ್ಕೂಲಿನವರು ನೋಡ್ಕೊಳ್ತಾರೆ” ಅಂದ. ಕೇಳಿದ್ದು 1,80,000 ರೂಪಾಯಿ. ನಾಲ್ಕು ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು 1,10,000 ಮುಂಗಡ ಕೊಟ್ಟರು. ವಿಮಾನದ ಟಿಕೆಟ್ ಬೇರೆ.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ಅಂಥವರ ಪಟ್ಟಿ ‘ಇ-ಮೈಗ್ರೇಟ್’ ತಾಣದಲ್ಲಿ ಇದೆ, ಯಾರು ಬೇಕಾದರೂ ನೋಡಬಹುದು. ಕೆಲಸಕ್ಕೆ ಹೋಗುವವರಿಂದ ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಒಟ್ಟು 35,400. ನಮ್ಮ ಏಜೆಂಟ್ ಬೋರ್ಡಿನಲ್ಲಿ ‘ಕನ್ಸಲ್ಟೆನ್ಸಿ’ ಎಂದಿತ್ತು, ನೋಂದಣಿ ಸಂಖ್ಯೆ ಇರಲಿಲ್ಲ. ಹತ್ತು ನಿಮಿಷದಲ್ಲಿ ಗೊತ್ತಾಗುವ ಈ ಸಂಗತಿಯನ್ನು ಸುಜಾತಾ ನೋಡಲಿಲ್ಲ, ನಾನೂ ನೋಡಿ ಎನ್ನಲಿಲ್ಲ. ‘ಪರಿಚಯದವರು ಹೇಳಿದ್ದಾರೆ’ ಎಂಬುದರಲ್ಲಿ ನಮ್ಮಿಬ್ಬರ ಬುದ್ಧಿ ನಿಂತುಬಿಟ್ಟಿತ್ತು.

ಅಕ್ಟೋಬರ್ ಕೊನೆಗೆ ಹೋದರು. ನವೆಂಬರ್ ಮೊದಲ ವಾರ ಅಲ್ಲಿನ ಎರಡನೆಯ ಸೆಮಿಸ್ಟರ್ ಶುರುವಾಗುತ್ತದೆ. “ಸುಮ್ಮನೆ ಟ್ರಯಲ್” ಎಂದು ತರಗತಿಗೆ ಕಳಿಸಿದರು. ಒಂಬತ್ತನೆಯ ದಿನ ಸ್ಟಾಫ್ ರೂಮಿನಲ್ಲಿ ಫಿಲಿಪೀನ್ಸಿನ ಟೀಚರ್ ಒಬ್ಬರು, “ನಿಮ್ಮ ವರ್ಕ್ ಪರ್ಮಿಟ್ ಬಂತಾ?” ಎಂದು ಕೇಳಿದರು. ಬಂದಿರಲಿಲ್ಲ, ಬರುವ ಹಾಗೂ ಇರಲಿಲ್ಲ. ಪದವಿ ಪತ್ರಕ್ಕೆ ಅಟೆಸ್ಟೇಶನ್, ಅಂದರೆ ಅದು ಅಸಲಿ ಎಂಬ ಸರ್ಕಾರಿ ಮುದ್ರೆ, ಆಗಿರಲಿಲ್ಲವಾದ್ದರಿಂದ ಶಾಲೆ ಅರ್ಜಿಯನ್ನೇ ಹಾಕಿರಲಿಲ್ಲ. ವರ್ಕ್ ಪರ್ಮಿಟ್ ಇಲ್ಲದೆ ದುಡಿದು ಸಿಕ್ಕಿಬಿದ್ದರೆ ಥಾಯ್ ಹಣದಲ್ಲಿ 5,000ದಿಂದ 50,000 ಬಾತ್‌ವರೆಗೆ ದಂಡ, ಮೇಲೆ ದೇಶದಿಂದ ಹೊರಗೆ. ಆ ಟೀಚರ್ ಇದನ್ನು ಬಿಡಿಸಿ ಹೇಳಿದ ಮೇಲೆ ಸುಜಾತಾ ಮಧ್ಯಾಹ್ನದ ಪಾಠಕ್ಕೆ ಹೋಗಲಿಲ್ಲ. ಕೋಣೆಗೆ ಬಂದು ಏಜೆಂಟನಿಗೆ ಫೋನ್ ಮಾಡಿದರು. ಗಡಿಗೆ ಹೋಗಿ ದಾಟಿ ವಾಪಸ್ ಬನ್ನಿ, ಮತ್ತೆ 60 ದಿನ ಸಿಗುತ್ತದೆ ಎಂದು ಅವನ ಉತ್ತರ.

ಪ್ರಕರಣದ ಮೊದಲ ತಿರುವು ಇದು. ಬಳೆ ಅಡವಿನಲ್ಲಿದೆ, ಕಟ್ಟಡದ ಎಲ್ಲರಿಗೂ ‘ಫಾರಿನ್‌ಗೆ ಹೋಗ್ತಿದ್ದಾರೆ’ ಎಂದು ಗೊತ್ತಿದೆ, ಅತ್ತೆ ಊರಿನ ದೈವಕ್ಕೆ ಹರಕೆ ಹೇಳಿ ಕಳಿಸಿದ್ದಾರೆ. ಇನ್ನೊಂದು ಕಡೆ, ಥಾಯ್ಲೆಂಡಿನಲ್ಲಿ ಕೆಲಸ ಎಂದು ಕರೆಸಿಕೊಂಡು ಗಡಿಯಾಚೆ ಮ್ಯಾನ್ಮಾರಿನ ಮ್ಯಾವಾಡಿಯ ಸೈಬರ್ ವಂಚನೆಯ ಅಡ್ಡೆಗಳಿಗೆ ನಮ್ಮವರನ್ನು ಸಾಗಿಸಿದ ಸುದ್ದಿಗಳು. ನಮ್ಮ ಸರ್ಕಾರ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ‘ಗಡಿ’ ಎಂಬ ಮಾತು ಕೇಳಿದ್ದೇ ಗಂಡ ಕೌಂಟರ್ ಬಿಟ್ಟು ಹೊರಗೆ ಬಂದು ಮಾತಾಡಿದರಂತೆ: “ಮರ್ಯಾದೆ ಹೋದ್ರೆ ಹೋಗ್ಲಿ, ದುಡ್ಡು ಹೋದ್ರೂ ಹೋಗ್ಲಿ. ನಾಳೆಯೇ ಹೊರಟು ಬಾ.” ಮೂರನೆಯ ದಿನ ಅವರು ಡೊಂಬಿವಲಿಯಲ್ಲಿದ್ದರು. ಆ ವಾಪಸಾತಿಯನ್ನು ಸೋಲು ಎಂದು ಕಟ್ಟಡದಲ್ಲಿ ಆಡಿಕೊಂಡವರಿದ್ದರು. ಪಾಸ್‌ಪೋರ್ಟಿನಲ್ಲಿ ಒಂದು ಕೆಟ್ಟ ಮುದ್ರೆ ಬೀಳದೆ ಉಳಿದದ್ದರಿಂದಲೇ ಎರಡನೆಯ ಸಲ ಹೋಗಲು ಸಾಧ್ಯವಾಯಿತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಕಾಗದದ ಆರು ತಿಂಗಳು, ಮತ್ತು ನನ್ನ ತಪ್ಪು

ಮತ್ತೆ ಹೋಗಬೇಕೇ ಎಂದು ಡಿಸೆಂಬರ್‌ವರೆಗೆ ಅವರು ಬಾಯಿ ಬಿಡಲಿಲ್ಲ. ಒಂದು ದಿನ ಆ ಫಿಲಿಪೀನ್ಸಿನ ಟೀಚರ್, ತಾನು ಬೇರೆ ಪಟ್ಟಣದ ಶಾಲೆಗೆ ಹೋಗುತ್ತಿದ್ದೇನೆ, ಅಲ್ಲಿ ಕಾಗದ ಸರಿ ಇಲ್ಲದವರನ್ನು ತೆಗೆದುಕೊಳ್ಳುವುದಿಲ್ಲ, ನಿಮ್ಮದು ಸರಿ ಮಾಡಿಕೊಳ್ಳಿ ಎಂದು ಸಂದೇಶ ಕಳಿಸಿದರು. ಏಜೆಂಟ್ ಇಲ್ಲ, ಕಮಿಷನ್ ಇಲ್ಲ. ಕೆಲಸ ಕೊಡಿಸಿದ್ದು ಒಂಬತ್ತು ದಿನದ ಪರಿಚಯ.

ಆಗ ಶುರುವಾಯಿತು ಓಡಾಟ. ಪದವಿ ಮತ್ತು ಬಿ.ಎಡ್. ಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ಥಾಯ್ ರಾಯಭಾರದ್ದು. ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್. ಮದುವೆಯ ನಂತರ ಹೆಸರು ಬದಲಾದದ್ದರಿಂದ ಪದವಿ ಪತ್ರದಲ್ಲೊಂದು, ಪಾಸ್‌ಪೋರ್ಟಿನಲ್ಲೊಂದು ಹೆಸರು. ಅದನ್ನು ಹೊಂದಿಸಲೇ ಐದು ವಾರ ಹೋಯಿತು. ಹೆಣ್ಣುಮಕ್ಕಳು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕಾದದ್ದು ಇದು. 2025ರ ಜನವರಿಯಿಂದ ಥಾಯ್ ವೀಸಾದ ಅರ್ಜಿ ಆನ್‌ಲೈನ್ ಆಗಿತ್ತು. ಹಾಗಾಗಿ ಕೆಲಸಕ್ಕೆ ಹೋಗುವವರಿಗೆ ಬೇಕಾದ ‘ನಾನ್-ಇಮಿಗ್ರಂಟ್ ಬಿ’ ವೀಸಾ ಮನೆಯಲ್ಲಿ ಕೂತೇ ಕೇಳುವುದು ಸಾಧ್ಯವಾಯಿತು.

ಇಂಗ್ಲಿಷ್ ಮಾತೃಭಾಷೆಯ ದೇಶದವರು ಅಲ್ಲದಿದ್ದರೆ ಇಂಗ್ಲಿಷ್ ಪರೀಕ್ಷೆಯ ಅಂಕವನ್ನೂ ತೋರಿಸಬೇಕು. ಹದಿನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವರು ಐಇಎಲ್‌ಟಿಎಸ್‌ಗೆ ಕೂರಬೇಕಾಯಿತು. ನೋವಾಯಿತು, ಆದರೆ 7 ಬ್ಯಾಂಡ್ ಬಂತು.

ನನ್ನ ತಪ್ಪು ಇಲ್ಲೇ. ಪರೀಕ್ಷೆಗೆಂದು ಅವರು ವಾರಕ್ಕೆ ಮೂರು ಸಂಜೆ ಮಾಟುಂಗಾದ ನನ್ನ ಮನೆಗೆ ಬರುತ್ತಿದ್ದರು. ನಾನು ವ್ಯಾಕರಣ, ಬರವಣಿಗೆ ಬಿಟ್ಟು ಉಚ್ಚಾರದ ಹಿಂದೆ ಬಿದ್ದೆ. ಅವರ ಮಾತಿನಲ್ಲಿ ನಮ್ಮೂರ ದನಿ ಇತ್ತು. ‘ಬಸ್’ ಅನ್ನುವಲ್ಲಿ ಕೊನೆಗೆ ಒಂದು ಸಣ್ಣ ಉಕಾರ ಉಳಿಯುತ್ತಿತ್ತು, ‘ಬುಕ್’ ಅನ್ನುವಲ್ಲಿ ‘ಬುಕ್ಕು’ವಿನ ನೆರಳು. “ಇದನ್ನು ತೆಗಿ, ಅಲ್ಲಿ ಬ್ರಿಟಿಷರ ಪಕ್ಕ ನಿಲ್ಲಬೇಕು ನೀನು” ಎಂದು ಅವರ ನಾಲಿಗೆಯನ್ನು ಮೂರು ತಿಂಗಳು ತಿಕ್ಕಿದೆ. ಪರೀಕ್ಷೆ ಕೇಳುವುದು ಮಾತು ಸ್ಪಷ್ಟವಾಗಿ ತಿಳಿಯುತ್ತದೆಯೇ ಎಂದು. ಯಾವ ದೇಶದ ದನಿ ಎಂದು ಅದು ಕೇಳುವುದಿಲ್ಲ. ಅದು ನನಗೆ ಗೊತ್ತಿದ್ದೂ ಹಾಗೆ ಮಾಡಿದೆ. ಒಳಗೊಳಗೆ ನನಗೇ ನಮ್ಮ ಇಂಗ್ಲಿಷಿನ ಬಗ್ಗೆ ನಾಚಿಕೆ ಇತ್ತು.

ಎರಡನೆಯ ಸಲ: ಮೇಯಿಂದ ಜುಲೈ

2025ರ ಮೇ ನಡುವಿಗೆ ಶಾಲೆ ಶುರು. ಬ್ಯಾಂಕಾಕಿನಿಂದ ರೈಲಿನಲ್ಲಿ ಮೂರು ಗಂಟೆಯ ದಾರಿ. ಒಂದು ಕೋಣೆ, 4,500 ಬಾತ್ ಬಾಡಿಗೆ. ಊಟಕ್ಕೆ ಕಷ್ಟವಾಗಲಿಲ್ಲ. ತೆಂಗಿನಹಾಲು, ಮೀನು, ಅನ್ನ ಇರುವ ದೇಶ ಕರಾವಳಿಯವರಿಗೆ ಬೇಗ ಒಗ್ಗುತ್ತದೆ, ಕುಚ್ಚಲಕ್ಕಿ ಸಿಗದಿದ್ದದ್ದೊಂದೇ ಕೊರತೆ. 90 ದಿನಕ್ಕೊಮ್ಮೆ ಇಮಿಗ್ರೇಶನ್ ಕಚೇರಿಗೆ ವಿಳಾಸ ತಿಳಿಸುವುದು, ಮನೆ ಮಾಲೀಕರಿಂದ ಟಿಎಂ 30 (ಮನೆಯಲ್ಲಿ ವಿದೇಶಿಯರಿದ್ದಾರೆ ಎಂದು ತಿಳಿಸುವ ಫಾರ್ಮ್) ಹಾಕಿಸುವುದು, ಊರಿಗೆ ಬರುವ ಮುಂಚೆ 1,000 ಬಾತ್ ಕಟ್ಟಿ ರೀ-ಎಂಟ್ರಿ ಪರ್ಮಿಟ್ ಮಾಡಿಸುವುದು (ಮರೆತರೆ ವೀಸಾ ಅಲ್ಲಿಗೇ ಮುಗಿಯುತ್ತದೆ), ಇವನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದರು. ಬೋಧನೆಯ ತಾತ್ಕಾಲಿಕ ಅನುಮತಿಯನ್ನು ಶಾಲೆಯೇ ಅಲ್ಲಿನ ಶಿಕ್ಷಕರ ಮಂಡಳಿ ‘ಖುರುಸಫಾ’ದಿಂದ ತರಿಸಿಕೊಟ್ಟಿತು.

ಸಂಬಳ 24,000 ಬಾತ್, ನಮ್ಮ ಲೆಕ್ಕದಲ್ಲಿ 60,000 ರೂಪಾಯಿ ದಾಟುತ್ತದೆ. ಅದೇ ಸ್ಟಾಫ್ ರೂಮಿನಲ್ಲಿ ಕೂರುವ, ಬಿ.ಎಡ್. ಇಲ್ಲದ ಬ್ರಿಟಿಷ್ ಯುವಕನಿಗೆ 38,000. ಇದನ್ನು ಹೋಗುವ ಮೊದಲೇ ತಿಳಿದಿರಬೇಕು. ತಿಳಿದಿದ್ದರೂ ಪ್ರತಿ ತಿಂಗಳು ಚುಚ್ಚುತ್ತದೆ ಎಂದು ಸುಜಾತಾ ಹೇಳುತ್ತಾರೆ.

ವಿದೇಶಿ ಟೀಚರುಗಳನ್ನು ನೋಡಿಕೊಳ್ಳುವ ಕೋಆರ್ಡಿನೇಟರ್ ಮೊದಲ ವಾರವೇ ಮೃದುವಾಗಿ ಹೇಳಿದ್ದರು: ಪಾಲಕರು ಕೇಳಿದರೆ ‘ಇಂಟರ್‌ನ್ಯಾಷನಲ್ ಟೀಚರ್’ ಅನ್ನಿ, ಸಾಕು. ಎಲ್ಲಿಂದ ಬಂದವರು ಎಂದು ಹೇಳುವುದು ಬೇಡ ಎಂಬುದು ಅದರ ಅರ್ಥ. ನಾನು ಕಲಿಸಿದ ದನಿಗೂ ಈ ಮಾತಿಗೂ ಸರಿಹೋಯಿತು. ಸುಜಾತಾ ಒಪ್ಪಿಕೊಂಡರು. ಕಾರಿಡಾರಿನಲ್ಲಿ ತಮ್ಮ ಬಗ್ಗೆ ‘ಖೇಕ್’ ಎಂಬ ಮಾತು ಕೇಳಿಬಂದಾಗ ಅರ್ಥ ಹುಡುಕಿದರು. ಮೂಲದಲ್ಲಿ ಅದು ‘ಅತಿಥಿ’. ಬಳಕೆಯಲ್ಲಿ ಭಾರತದ, ಪಶ್ಚಿಮ ಏಷ್ಯಾದ ಕಡೆಯವರನ್ನು ಕರೆಯುವ ಹೆಸರು, ಹೇಳುವವರ ದನಿಯ ಮೇಲೆ ಬಿಸಿಯೂ ಆಗುತ್ತದೆ, ತಣ್ಣಗೂ ಇರುತ್ತದೆ.

ತರಗತಿ ಮತ್ತಯೋಮ್ 1, ಅಂದರೆ ನಮ್ಮ ಏಳನೆಯದರ ವಯಸ್ಸು. 42 ಮಕ್ಕಳು. ಒಳಗೆ ಹೋದೊಡನೆ ಎಲ್ಲರೂ ಎದ್ದು ಒಂದೇ ರಾಗದಲ್ಲಿ ‘ಗುಡ್ ಮಾರ್ನಿಂಗ್ ಟೀಚರ್’ ಎನ್ನುವರು. ‘ಹೌ ಆರ್ ಯೂ’ ಎಂದರೆ ಒಂದೇ ರಾಗದಲ್ಲಿ ‘ಐಯಾಮ್ ಫೈನ್, ಥ್ಯಾಂಕ್ಯೂ, ಆ್ಯಂಡ್ ಯೂ’. ಅದರಾಚೆಗೆ ಮೌನ. ಪ್ರಶ್ನೆ ಕೇಳಿದರೆ ನಗು. ಅರ್ಥವಾಯಿತೇ ಎಂದರೆ ‘ಯೆಸ್’. ಬರೆಯಲು ಕೊಟ್ಟರೆ ಏನೂ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತಿತ್ತು.

ಜೂನಿನಲ್ಲಿ ಒಂದು ಗುರುವಾರ ‘ವಾಯ್ ಖ್ರೂ’ ನಡೆಯಿತು, ಗುರುಗಳಿಗೆ ನಮಸ್ಕರಿಸುವ ದಿನ. ಖ್ರೂ ಎಂದರೆ ಗುರು. ಅವರ ಗುರುವಾರದ ಹೆಸರಿನಲ್ಲೂ ಬೃಹಸ್ಪತಿ ಇದ್ದಾನೆ. ಮಕ್ಕಳು ಮಂಡಿಯೂರಿ ತಂದಿಟ್ಟ ತಟ್ಟೆಯಲ್ಲಿ ಕೇಪಳ ಹೂವು, ಗರಿಕೆ, ಬದನೆ ಹೂವು. ಕೇಪಳದ ಮೊಗ್ಗು ಸೂಜಿಯ ಹಾಗೆ ಚೂಪು, ಬುದ್ಧಿ ಹಾಗಿರಲಿ ಎಂದು. ಗರಿಕೆ ತುಳಿದರೂ ಚಿಗುರುತ್ತದೆ, ಬದನೆ ಹೂವು ತಲೆ ತಗ್ಗಿಸುತ್ತದೆ. ಆ ರಾತ್ರಿ ಫೋಟೋ ಕಳಿಸಿ, “ಟೀಚರ್, ಕೇಪಳ ನೋಡಿ, ನಮ್ಮ ಬೈಲಿನದೇ” ಎಂದು ಬರೆದಿದ್ದರು. ನಮಗೆಲ್ಲ ಕಣ್ಣು ತುಂಬಿತು, ಇನ್ನು ಎಲ್ಲ ಸರಿಹೋಯಿತು ಅಂದುಕೊಂಡೆವು. ಶುಕ್ರವಾರ ತರಗತಿ ಮತ್ತೆ ಮೌನ. ನಮ್ಮದರಂತೆ ಕಾಣುವ ಆಚಾರ ಸಿಕ್ಕ ಮಾತ್ರಕ್ಕೆ ಪಾಠ ನಡೆಯುವುದಿಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆದೆ.

ಜುಲೈ ಅವರ ಅತ್ಯಂತ ಕೆಟ್ಟ ತಿಂಗಳು. ಭಾರತದ ಸಮಯ ಅಲ್ಲಿಗಿಂತ ಒಂದೂವರೆ ಗಂಟೆ ಹಿಂದೆ. ಅವರಿಗೆ ರಾತ್ರಿ ಎಂಟೂವರೆಗೆ ಬಿಡುವಾದರೆ ಇಲ್ಲಿ ಗಂಡನ ಹೋಟೆಲಿನಲ್ಲಿ ಏಳು ಗಂಟೆಯ ರಶ್. ಫೋನ್ ಎತ್ತಿದರೆ ಕೌಂಟರಿನ ಗದ್ದಲ, ಎತ್ತದಿದ್ದರೆ ಚಿಂತೆ. ದಿನಕ್ಕೆ ಮೂರು ಸಲ ಮಾಡುತ್ತಿದ್ದರು. ಅತ್ತೆ ಪ್ರತಿ ಸಲವೂ “ಯಾವಾಗ ಬರ್ತಿ ಮಗಾ” ಅನ್ನುವರು. ಕೊನೆಗೆ ಮಗನೇ ಹೇಳಿದ: “ಅಮ್ಮ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಎಲ್ಲರೂ ಕೂರೋಣ. ಉಳಿದ ದಿನ ಮೆಸೇಜ್ ಸಾಕು.” ಅವರಿಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು. ಆದರೆ ಎರಡು ವಾರದಲ್ಲಿ ನಿದ್ದೆ ಬರತೊಡಗಿತು.

ಚೀಟಿಯ ಡಬ್ಬಿ

ಜುಲೈ ಕೊನೆಗೆ ಒಂದು ರಾತ್ರಿ ನನಗೆ ಫೋನ್ ಮಾಡಿ, “ಟೀಚರ್, ಮಕ್ಕಳು ಬಾಯೇ ಬಿಡುವುದಿಲ್ಲ. ನಾನು ವಾಪಸ್ ಬರ್ತೇನೆ” ಅಂದರು. ಅಲ್ಲಿನವರು ಇದಕ್ಕೆ ‘ಕ್ರೆಂಗ್ ಜಾಯ್’ ಎಂಬ ಮಾತು ಹೇಳುತ್ತಾರೆ, ಇನ್ನೊಬ್ಬರಿಗೆ ತೊಂದರೆಯಾಗಬಾರದು ಎಂಬ ಅಳುಕು ಎಂದು ವಿವರಿಸಿದರು. ನನಗೆ ಸಟ್ಟನೆ ಹೊಳೆದದ್ದು ನಮ್ಮ ‘ದಾಕ್ಷಿಣ್ಯ’. “ನಮ್ಮ ಹೋಟೆಲ್ ಹುಡುಗರು ಬಾಯಿ ಬಿಡುತ್ತಿದ್ದರಾ? ಆಗ ಏನು ಮಾಡ್ತಿದ್ದೆ ನೀನು?” ಎಂದು ಕೇಳಿದೆ.

ರಾತ್ರಿ ಶಾಲೆಯಲ್ಲಿ ಬಾಗಿಲ ಬಳಿ ಒಂದು ಬಿಸ್ಕತ್ತಿನ ಡಬ್ಬಿ ಇಡುತ್ತಿದ್ದೆವು. ಹೊರಗೆ ಹೋಗುವಾಗ ಪ್ರತಿಯೊಬ್ಬನೂ ಒಂದು ಚೀಟಿ ಹಾಕಬೇಕು. ಹೆಸರು ಬೇಡ, ಭಾಷೆ ಯಾವುದಾದರೂ ಸರಿ, ‘ಇವತ್ತು ತಿಳಿಯದ್ದು ಏನು’ ಎಂದಷ್ಟೇ. ಖಾಲಿ ಚೀಟಿಯೂ ನಡೆಯುತ್ತದೆ, ಹಾಕದೆ ಹೋಗುವ ಹಾಗಿಲ್ಲ. ಇಪ್ಪತ್ತು ವರ್ಷದ ಹುಡುಗನೊಬ್ಬ ನಾಲ್ಕು ತಿಂಗಳು ಖಾಲಿ ಚೀಟಿ ಹಾಕಿ ಐದನೆಯ ತಿಂಗಳು ‘ಬಿಲ್ ಅಂತ ಬರೆಯೋದು ಹೇಗೆ’ ಎಂದು ಕೇಳಿದ್ದು ನನಗಿನ್ನೂ ನೆನಪಿದೆ.

ಮರುದಿನ ಅವರು ಡಬ್ಬಿ ಇಟ್ಟರು. 42ರಲ್ಲಿ 17 ಖಾಲಿ. ಉಳಿದವು ಹೆಚ್ಚಾಗಿ ಥಾಯ್‌ನಲ್ಲಿ. ಫೋನಿನ ಅನುವಾದ ಮತ್ತು ಫಿಲಿಪೀನ್ಸಿನ ಗೆಳತಿಯ ನೆರವಿನಿಂದ ಓದಿದಾಗ ಹನ್ನೊಂದು ಚೀಟಿಗಳಲ್ಲಿ ಹೆಚ್ಚುಕಡಿಮೆ ಒಂದೇ ಮಾತು: ಟೀಚರ್ ಮಾತಿನ ಕೊನೆ ಕೇಳಿಸುವುದಿಲ್ಲ. ಒಂದು ಚೀಟಿಯಲ್ಲಿ, ‘ಟೀಚರ್ ಅಂಗಡಿಯಲ್ಲಿ ಮಾತಾಡುವಾಗ ಅರ್ಥವಾಗುತ್ತದೆ, ತರಗತಿಯಲ್ಲಿ ಆಗುವುದಿಲ್ಲ’ ಎಂದಿತ್ತು.

ಅದನ್ನು ಓದಿ ಹೇಳುವಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು, ನಾನೂ ಸುಮ್ಮನಾದೆ. ಅಂಗಡಿಯಲ್ಲಿ ಅವರದು ಡೊಂಬಿವಲಿಯ ಇಂಗ್ಲಿಷ್. ತರಗತಿಯಲ್ಲಿದ್ದದ್ದು ನಾನು ಮಾಟುಂಗಾದಲ್ಲಿ ತಿಕ್ಕಿ ಕೂರಿಸಿದ ಇಂಗ್ಲಿಷ್.

‘ಬಸ್ಸು’

ಈ ಭಾಗವನ್ನು ಇಂಗ್ಲಿಷ್ ಕಲಿಸುವವರು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಥಾಯ್ ಭಾಷೆಯಲ್ಲಿ ಪದದ ಕೊನೆಗೆ ಬರಬಲ್ಲ ವ್ಯಂಜನಗಳು ಕೆಲವೇ. ‘ಸ್’ ಕೊನೆಗೆ ಬಂದರೆ ‘ತ್’ ಆಗುತ್ತದೆ, ‘ಲ್’ ಬಂದರೆ ‘ನ್’. ಹಾಗಾಗಿ ‘ಬಸ್’ ಅವರ ಬಾಯಲ್ಲಿ ‘ಬತ್’, ‘ಫುಟ್‌ಬಾಲ್’ ‘ಫುಟ್‌ಬಾನ್’, ‘ಸ್ಕೂಲ್’ ‘ಸಕೂನ್’. ಬಹುವಚನದ ‘ಸ್’ ಉಳಿಯುವುದೇ ಇಲ್ಲ. ಅವರ ಭಾಷೆಯಲ್ಲಿ ಬಹುವಚನದ ಪ್ರತ್ಯಯವೂ ಇಲ್ಲವಾದ್ದರಿಂದ ಬರವಣಿಗೆಯಲ್ಲೂ ಅದು ಬಿದ್ದುಹೋಗುತ್ತದೆ. ಕನ್ನಡದವರ ತೊಂದರೆ ಇದಕ್ಕೆ ತದ್ವಿರುದ್ಧ. ನಮಗೆ ಪದ ವ್ಯಂಜನದಲ್ಲಿ ನಿಂತರೆ ಸಮಾಧಾನವಿಲ್ಲ, ಒಂದು ಉಕಾರ ಅಂಟಿಸುತ್ತೇವೆ: ಬಸ್ಸು, ಬುಕ್ಕು, ಸ್ಕೂಲು. ಮುಂಬಯಿಯಲ್ಲಿ ಹದಿನಾಲ್ಕು ವರ್ಷ ಸುಜಾತಾ ಮಾಡಿದ್ದು ಆ ಉಕಾರವನ್ನು ಕತ್ತರಿಸುವ ಕೆಲಸ.

ಆಗಸ್ಟ್ ಮೊದಲ ವಾರ ಅವರು ಅದನ್ನು ಬೇಕೆಂದೇ ಮರಳಿ ತಂದರು. ಥಾಯ್ ಮಕ್ಕಳು ಪದದ ಮೊದಲಿಗೆ ‘ಸ’, ‘ಲ’ ಚೆನ್ನಾಗಿ ಹೇಳುತ್ತಾರೆ. ತೊಂದರೆ ಕೊನೆಯಲ್ಲಿ ಮಾತ್ರ. ‘ಬಸ್ಸು’ ಎಂದರೆ ಆ ‘ಸ’ ಕೊನೆಯಿಂದ ಸರಿದು ಹೊಸ ಅಕ್ಷರದ ಮೊದಲಿಗೆ ಬಂದು ಕೂರುತ್ತದೆ. ಬೋರ್ಡಿನ ಮೇಲೆ ಎರಡು ತುಂಡು ಮಾಡಿ ಬರೆದು, ‘ಬಸ್... ಸು’ ಎಂದು ಚಪ್ಪಾಳೆ ಹೊಡೆಸಿ ಹೇಳಿಸಿದರು. 42 ಬಾಯಿಗಳಿಂದ ಸ್ಪಷ್ಟವಾಗಿ ಸಕಾರ ಬಂತು. ಎರಡನೆಯ ಹೆಜ್ಜೆಯಲ್ಲಿ ಎರಡನೆಯ ಚಪ್ಪಾಳೆ ಮೆಲ್ಲಗೆ. ಮೂರನೆಯದರಲ್ಲಿ ಚಪ್ಪಾಳೆಯಿಲ್ಲ, ‘ಸು’ ಪಿಸುಮಾತು. ನಾಲ್ಕನೆಯದರಲ್ಲಿ ತುಟಿ ಮಾತ್ರ ಉಕಾರಕ್ಕೆ ದುಂಡಾಗಬೇಕು, ದನಿ ಬರಬಾರದು. ಉಳಿದದ್ದು ‘ಬಸ್’. ಹಾಗೆಯೇ ಸ್ಕೂಲು, ಬಾಲು, ಬುಕ್ಸು. ‘ಬುಕ್ಸು’ ಬಂದ ಮೇಲೆ ‘ಒಂದು ಬುಕ್ಕು, ಎರಡು ಬುಕ್ಸು’ ಎಂದು ಬಹುವಚನಕ್ಕೆ ಬಂದರು. ಮಕ್ಕಳ ನೋಟ್‌ಬುಕ್ಕುಗಳಲ್ಲಿ ಬಹುವಚನದ ಅಕ್ಷರ ಮೊದಲ ಸಲ ಕಾಣಿಸಿಕೊಂಡಿತು. ಕಿವಿಗೆ ಕೇಳದ ಅಕ್ಷರವನ್ನು ಕೈ ಯಾಕೆ ಬರೆಯುತ್ತದೆ?

ಇದೇ ತಿಂಗಳು ಅವರು ಥಾಯ್ ಲಿಪಿ ಕಲಿಯಲು ಕೂತರು. 44 ವ್ಯಂಜನಗಳು, ಆದರೆ ಸಾಲು ನಮ್ಮದೇ: ಕವರ್ಗ, ಚವರ್ಗ, ಟವರ್ಗ, ತವರ್ಗ, ಪವರ್ಗ. ಎರಡು ಲಿಪಿಗಳೂ ಬ್ರಾಹ್ಮಿಯ ಸಂತತಿ. ಬ್ರಿಟಿಷ್ ಸಹೋದ್ಯೋಗಿ ಎರಡು ವರ್ಷವಾದರೂ ಕೈ ಹಾಕದ ಲಿಪಿಯನ್ನು ಇವರು ಹತ್ತು ವಾರದಲ್ಲಿ ತಡವರಿಸಿ ಓದತೊಡಗಿದರು. ಆಮೇಲೆ ಚೀಟಿಗಳಿಗೆ ಫೋನ್ ಬೇಕಾಗಲಿಲ್ಲ.

ಆಗಸ್ಟ್ 12 ಅಲ್ಲಿ ತಾಯಂದಿರ ದಿನ. ತಾಯಂದಿರು ಶಾಲೆಗೆ ಬಂದು ಕುರ್ಚಿಯಲ್ಲಿ ಕೂರುತ್ತಾರೆ, ಮಕ್ಕಳು ಅವರ ಕಾಲ ಬಳಿ ಮಂಡಿಯೂರಿ ನಮಸ್ಕರಿಸುತ್ತಾರೆ. ಶಾಲೆಯಲ್ಲಿ ಆ ಹಬ್ಬ ನಡೆದ ದಿನ ಸುಜಾತಾ ಸೀರೆ ಉಟ್ಟರು. ಎಲ್ಲಿಂದ ಎಂದು ಒಬ್ಬ ತಾಯಿ ಕೇಳಿದಾಗ, “ಇಂಡಿಯಾ, ಮುಂಬಯಿ. ನನಗೂ ಅಲ್ಲೊಬ್ಬ ಮಗ ಇದ್ದಾನೆ” ಅಂದರು. ಕೋಆರ್ಡಿನೇಟರ್ ಮುಖ ಸ್ವಲ್ಪ ಬಿಗಿಯಾಯಿತಂತೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬೋಧಗಯಾಕ್ಕೆ ಯಾತ್ರೆ ಹೋಗಿದ್ದವರು, ಇವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಆದರೆ ಸೆಪ್ಟೆಂಬರಿನಲ್ಲಿ ದೂರು ಬಂತು. ಭಾರತದ ಟೀಚರ್ ಮಕ್ಕಳಿಗೆ ಭಾರತದ ಉಚ್ಚಾರ ಕಲಿಸುತ್ತಿದ್ದಾರೆ, ಮನೆಯಲ್ಲಿ ಮಗು ‘ಬಸ್ಸು’ ಅನ್ನುತ್ತದೆ ಎಂದು ಪಾಲಕರೊಬ್ಬರು ಹೇಳಿದರು. ಕೋಆರ್ಡಿನೇಟರ್ ಅದನ್ನು ನಿಲ್ಲಿಸಿ ಎಂದರು. ಆ ದೂರಿನಲ್ಲಿ ಸತ್ಯವಿತ್ತು. ಮೂವರು ಮಕ್ಕಳು ಎರಡನೆಯ ಹೆಜ್ಜೆಯಲ್ಲೇ ನಿಂತಿದ್ದರು, ಉಕಾರ ಹೋಗಿರಲಿಲ್ಲ. ಸುಜಾತಾ ವಾದ ಮಾಡಲಿಲ್ಲ. ಎರಡು ವಾರ ಸಮಯ ಕೇಳಿದರು. ಆಗಸ್ಟ್ ಮೊದಲ ವಾರ ಮಕ್ಕಳು ಇಪ್ಪತ್ತು ಪದ ಓದಿದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದರು. ಅದು ಕೂಡ ರಾತ್ರಿ ಶಾಲೆಯ ಅಭ್ಯಾಸ, ಆಗ ಟೇಪ್ ರೆಕಾರ್ಡರ್ ಇತ್ತು. ಎರಡು ವಾರದ ನಂತರ ಅದೇ ಪದಗಳನ್ನು ಮತ್ತೆ ಓದಿಸಿ ಎರಡನ್ನೂ ಕೋಆರ್ಡಿನೇಟರ್ ಮುಂದೆ ಇಟ್ಟರು. ಸಿಕ್ಕಿಬಿದ್ದಿದ್ದ ಮೂವರಲ್ಲಿ ಇಬ್ಬರು ದಾಟಿದ್ದರು. ಕೇಳಿದ ಮೇಲೆ ಕೋಆರ್ಡಿನೇಟರ್ ಹೆಚ್ಚು ಮಾತಾಡದೆ, ಪಕ್ಕದ ತರಗತಿಗೂ ಮಾಡಿ ಅಂದರು.

ಈ ಉಪಾಯ ಎಲ್ಲಕ್ಕೂ ನಡೆಯಲಿಲ್ಲ. ‘ವ್ಯಾನ್’ ಪದದ v ಈಗಲೂ w ಎಂಬಂತೆಯೇ ಕೇಳುತ್ತದೆ. ಮಕ್ಕಳು ತಾವಾಗಿ ಎದ್ದು ಮಾತಾಡುವುದು ಈಗಲೂ ಕಡಿಮೆ. ಆದರೆ ಖಾಲಿ ಚೀಟಿಗಳು 17ರಿಂದ ನಾಲ್ಕಕ್ಕೆ ಇಳಿದಿವೆ.

ಪರೀಕ್ಷೆಯ ಫೆಬ್ರವರಿ

ದೀಪಾವಳಿಗೆ ಅವರು ಊರಿಗೆ ಬಂದಿದ್ದರು. ಅಲ್ಲಿ ಅಕ್ಟೋಬರ್ ರಜೆ. ಮನೆಯಲ್ಲಿ ಎದ್ದ ಪ್ರಶ್ನೆ ಮಗನ ಹನ್ನೆರಡನೆಯದರ ಬೋರ್ಡ್ ಪರೀಕ್ಷೆ, 2026ರ ಫೆಬ್ರವರಿಯಲ್ಲಿ. ತಾಯಿ ಮನೆಯಲ್ಲಿ ಇರಬೇಕೆಂದು ಅತ್ತೆಯ ಹಟ. ಬರಬೇಕೆಂದರೆ ಮೂರು ವಾರ ಸಂಬಳವಿಲ್ಲದ ರಜೆ, ಒಪ್ಪಂದ ನವೀಕರಣದ ಹೊತ್ತಿನಲ್ಲಿ. ನನ್ನನ್ನು ಕೇಳಿದಾಗ ಬಾ ಎಂದೇ ಹೇಳಿದೆ. ಅವರು ಒಂದು ರಾತ್ರಿ ಗಂಡ, ಮಗ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿ, ಬರುವುದಿಲ್ಲ ಎಂದು ತೀರ್ಮಾನಿಸಿದರು. ಪರೀಕ್ಷೆಯ ತಿಂಗಳು ಗಂಡ ಹೋಟೆಲಿನಲ್ಲಿ ಬೆಳಗಿನ ಪಾಳಿ ಕೇಳಿ ಪಡೆದರು, ಸಂಜೆ ಮನೆಯಲ್ಲಿದ್ದು ಅಡುಗೆ ಮಾಡಿದರು. ಅತ್ತೆ ಒಂದು ವಾರ ಸುಜಾತಾ ಜೊತೆ ಮಾತು ಬಿಟ್ಟಿದ್ದರು. ಮಗ ಎಲ್ಲ ಪೇಪರ್ ಬರೆದ. ನನ್ನ ಸಲಹೆ ಕೇಳಿದ್ದರೆ ಮನೆಗೆ ಒಳ್ಳೆಯದಾಗುತ್ತಿತ್ತೋ ಕೆಟ್ಟದಾಗುತ್ತಿತ್ತೋ ಎಂದು ನಾನು ಈಗಲೂ ಯೋಚಿಸುತ್ತೇನೆ. ತೀರ್ಮಾನ ಅವರೆಲ್ಲ ಕೂತು ಮಾಡಿದ್ದು ಎಂಬುದರಿಂದಲೇ ಅದು ನಿಂತಿತು ಎಂಬ ಮಟ್ಟಿಗೆ ನನಗೆ ಅನುಮಾನವಿಲ್ಲ.

ಈಗ

ಮಾರ್ಚಿನಲ್ಲಿ ಒಪ್ಪಂದ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಸಂಬಳ 2,000 ಬಾತ್ ಹೆಚ್ಚು. ಬ್ರಿಟಿಷ್ ಸಹೋದ್ಯೋಗಿಯ ಜೊತೆಗಿನ ಅಂತರ ಹಾಗೇ ಇದೆ, ಅವರು ಅದನ್ನು ಈ ಸಲ ಬರಹದಲ್ಲಿ ಕೇಳಿದ್ದಾರೆ. ಏಜೆಂಟ್ ಮೇಲೆ ಮುಂಬಯಿಯ ವಲಸೆ ಸಂರಕ್ಷಣಾಧಿಕಾರಿ ಕಚೇರಿಯಲ್ಲಿ ದೂರು ಕೊಟ್ಟಿದ್ದಾರೆ.

ನನ್ನ ಬಳಿ ಈಗ ಬರುವವರಿಗೆ ನಾನು ಉಚ್ಚಾರದ ಪಾಠ ಹೇಳುವುದಿಲ್ಲ. ಮೊದಲು ಪದವಿ ಪತ್ರ ಮತ್ತು ಪಾಸ್‌ಪೋರ್ಟ್ ಪಕ್ಕಪಕ್ಕ ಇಟ್ಟು ಹೆಸರು ಒಂದೇ ಇದೆಯೇ ನೋಡುತ್ತೇನೆ. ಏಜೆಂಟ್ ಇದ್ದರೆ ಅವನ ನೋಂದಣಿ ಸಂಖ್ಯೆಯನ್ನು ನನ್ನೆದುರೇ ತಾಣದಲ್ಲಿ ಹುಡುಕಿಸುತ್ತೇನೆ. ಆಮೇಲೆ, ಇಲ್ಲಿ ಕಲಿಸುವಾಗ ನಿಮ್ಮ ಮಕ್ಕಳು ಎಲ್ಲಿ ಎಡವುತ್ತಿದ್ದರು, ನೀವು ಹೇಗೆ ಬಿಡಿಸುತ್ತಿದ್ದಿರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ಕಳೆದ ವಾರ ಬೊರಿವಲಿಯಿಂದ ಬಂದಿದ್ದ ಹುಡುಗ ವಿಯೆಟ್ನಾಮಿಗೆ ಹೋಗುವವನು. ಎಂಟು ಪುಟ ಬರೆದುಕೊಂಡು ಹೋದ.

ಅಡವಿಟ್ಟ ನಾಲ್ಕು ಬಳೆಗಳಲ್ಲಿ ಎರಡನ್ನು ಗಂಡ ಜನವರಿಯಲ್ಲಿ ಬಿಡಿಸಿಕೊಂಡು ಬಂದರು. ಉಳಿದ ಎರಡಕ್ಕೆ ಇನ್ನು ಐದು ಕಂತು ಇದೆ.